ವಾರ, ದಿನ, ಕೋಟಿ: ನಂಬರ್ ಒನ್ ಕನ್ನಡ ಸಿನಿಮಾವನ್ನ ಎಣಿಸೋದು ಹೇಗೆ?

2025ರ ನವೆಂಬರಿನಲ್ಲಿ ಮಿಸ್ಸಿಸಾಗದ ಒಂದು ಸ್ಕೂಲ್ ಜಿಮ್‌ನಲ್ಲಿ ರಾಜ್ಯೋತ್ಸವದ ಕ್ವಿಜ್ ನಡೆಸಿಕೊಡೋ ಕೆಲಸ ನನ್ನ ತಲೆಗೆ ಬಿತ್ತು. ಇಪ್ಪತ್ತು ಪ್ರಶ್ನೆ, ನಾಲ್ಕು ತಂಡ. ಒಂದು ತಂಡದಲ್ಲಿ ಇಲ್ಲೇ ಹುಟ್ಟಿ ಬೆಳೆದ ಹೈಸ್ಕೂಲ್ ಮಕ್ಕಳು, ಇನ್ನೊಂದರಲ್ಲಿ ಮಕ್ಕಳ ಮನೆಗೆ ಬಂದು ನೆಲೆಸಿರೋ ಅಜ್ಜ ಅಜ್ಜಿಯರು. ಹದಿನಾಲ್ಕನೇ ಪ್ರಶ್ನೆ ನಾನೇ ಬರೆದದ್ದು: ಅತಿ ಹೆಚ್ಚು ಗಳಿಕೆ ಮಾಡಿದ ಕನ್ನಡ ಸಿನಿಮಾ ಯಾವುದು? ನನ್ನ ಹಾಳೆಯಲ್ಲಿದ್ದ ಉತ್ತರ ‘ಕೆಜಿಎಫ್ ಚಾಪ್ಟರ್ 2’. ಮಕ್ಕಳ ತಂಡ ‘ಕಾಂತಾರ ಚಾಪ್ಟರ್ 1’ ಅಂತು. ಹಿರಿಯರ ತಂಡದಿಂದ ತುಮಕೂರು ಕಡೆಯ ಒಬ್ಬರು, ಎಂಬತ್ತು ದಾಟಿದವರು, ಮೈಕ್ ಕೂಡ ತಗೊಳ್ಳದೆ ‘ಬಂಗಾರದ ಮನುಷ್ಯ’ ಅಂತ ಗಟ್ಟಿಯಾಗಿ ಹೇಳಿ ಕೂತ್ಕೊಂಡ್ರು. ಇಬ್ಬರಿಗೂ ಸೊನ್ನೆ ಕೊಟ್ಟೆ.

ಊಟದ ಸಾಲಿನಲ್ಲಿ ಅವರು ನನ್ನ ಹಿಂದೆ ನಿಂತಿದ್ರು. ಜಗಳ ಆಡೋ ಧಾಟಿ ಅಲ್ಲ, ಸುಮ್ಮನೆ ಕೇಳಿದ್ರು: ‘ಯಾವ ಲೆಕ್ಕದಲ್ಲಿ ಹೇಳಿದೆಯಪ್ಪ?’ ಕಲೆಕ್ಷನ್ ಲೆಕ್ಕ ಸಾರ್ ಅಂದೆ. ‘ಸರಿ. ಯಾರು ಎಣಿಸಿದ್ರು?’

ಈ ಪ್ರಶ್ನೆ ಕೇಳೋದೇ ನನ್ನ ಹೊಟ್ಟೆಪಾಡು. ನಾನು ಡೇಟಾ ಸೈಂಟಿಸ್ಟ್. ಆಫೀಸಿನಲ್ಲಿ ‘ಆ್ಯಕ್ಟಿವ್ ಕಸ್ಟಮರ್ ಅಂದ್ರೆ ಯಾರು’ ಅಂತ ತೀರ್ಮಾನ ಮಾಡೋಕೆ ಮೂರು ವಾರ ಮೀಟಿಂಗ್ ಮಾಡಿದ್ದೀನಿ. ಕಾಲಮ್ಮಿನ ತಲೆಬರಹಕ್ಕೆ ಅರ್ಥ ಏನು ಅಂತ ಗೊತ್ತಿಲ್ಲದೆ ಒಂದು ಚಾರ್ಟ್ ಕೂಡ ಬಿಡಿಸಲ್ಲ. ಆದರೆ ಕನ್ನಡದ ಕ್ವಿಜ್‌ಗೆ ಮಾತ್ರ ಯಾವುದೋ ಪಟ್ಟಿಯ ಮೊದಲ ಸಾಲನ್ನ ಎತ್ತಿಕೊಂಡು ಬಂದು, ಒಬ್ಬ ಹಿರಿಯರಿಗೆ ನೂರು ಜನರ ಎದುರು ‘ತಪ್ಪು’ ಅಂದುಬಿಟ್ಟಿದ್ದೆ. ಮನೆಗೆ ಬಂದ ರಾತ್ರಿನೇ ಒಂದು ಸ್ಪ್ರೆಡ್‌ಶೀಟ್ ತೆರೆದೆ. ಈ ಪ್ರಬಂಧ ಅದರಿಂದ ಹುಟ್ಟಿದ್ದು.

ಮೊದಲು ಹಳೇ ಲೆಕ್ಕ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ಬಂತು. ಅಲ್ಲಿಂದ ಹೆಚ್ಚು ಕಡಿಮೆ ಎಪ್ಪತ್ತು ವರ್ಷ ಒಂದು ಕನ್ನಡ ಸಿನಿಮಾ ಗೆದ್ದಿದೆಯೋ ಸೋತಿದೆಯೋ ಅಂತ ಜನಕ್ಕೆ ಗೊತ್ತಾಗ್ತಾ ಇದ್ದದ್ದು ರೂಪಾಯಿಯಿಂದ ಅಲ್ಲ, ಕ್ಯಾಲೆಂಡರಿನಿಂದ. ನಿಮ್ಮಲ್ಲಿ ಇಲ್ಲೇ ಹುಟ್ಟಿದವರಿಗೆ ‘ಶತದಿನೋತ್ಸವ’ ಅನ್ನೋ ಪದ ಹೊಸದಿರಬಹುದು: ಒಂದು ಸಿನಿಮಾ ಒಂದೇ ಥಿಯೇಟರಿನಲ್ಲಿ ನೂರು ದಿನ ಓಡಿದರೆ ಮಾಡೋ ಹಬ್ಬ. ಇಪ್ಪತ್ತೈದು ವಾರ ಓಡಿದರೆ ರಜತ ಮಹೋತ್ಸವ. ನಟರಿಗೆ ಸ್ಮರಣಿಕೆ ಕೊಡ್ತಿದ್ರು, ಪೋಸ್ಟರಿನ ಮೇಲೆ ‘25ನೇ ವಾರ’ ಅಂತ ಹೊಸ ಚೀಟಿ ಅಂಟಿಸ್ತಿದ್ರು, ಹೀರೋ ಕಟೌಟಿಗೆ ಹೊಸ ಹಾರ ಬೀಳ್ತಿತ್ತು. ಎಷ್ಟು ದುಡ್ಡು ಬಂತು ಅನ್ನೋದು ನಿರ್ಮಾಪಕರಿಗೂ ಹಂಚಿಕೆದಾರರಿಗೂ ಬಿಟ್ಟ ವಿಷಯ, ಮದುವೆ ಮನೆಯ ಖರ್ಚಿನ ಹಾಗೆ. ಕೇಳೋದು ಅಸಭ್ಯ.

ಈ ಕ್ಯಾಲೆಂಡರ್ ಲೆಕ್ಕದ ಶಿಖರ ‘ಬಂಗಾರದ ಮನುಷ್ಯ’. ಟಿ.ಕೆ. ರಾಮರಾವ್ ಅವರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ, ರಾಜ್‌ಕುಮಾರ್. 1972ರಲ್ಲಿ ಬಿಡುಗಡೆ ಆಗಿ ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಥಿಯೇಟರಿನಲ್ಲಿ, ಅದೇ ಆಮೇಲೆ ಭೂಮಿಕಾ ಆಯ್ತಲ್ಲ, ಅಲ್ಲಿ ಎರಡು ವರ್ಷ ಓಡಿತು. 104 ವಾರ ಅಂತ ಹೇಳೋದು ರೂಢಿ. ನೂರಾ ನಾಲ್ಕು ವಾರ! ಈಗ ಎರಡನೇ ಶುಕ್ರವಾರಕ್ಕೇ ಸಿನಿಮಾ ಓಟಿಟಿಗೆ ಯಾವಾಗ ಬರುತ್ತೆ ಅಂತ ನಾವು ಕೇಳ್ತೀವಿ.

ಹಾಗಂತ ವಾರದ ಲೆಕ್ಕ ಸತ್ಯಹರಿಶ್ಚಂದ್ರನ ಲೆಕ್ಕ ಏನಲ್ಲ. ಎರಡು ವರ್ಷ ಓಡಿದ ಥಿಯೇಟರಿನಲ್ಲಿ ಎಷ್ಟು ಸೀಟು, ದಿನಕ್ಕೆ ಎಷ್ಟು ಷೋ, ಎಪ್ಪತ್ತನೇ ವಾರದ ಮಂಗಳವಾರ ಮ್ಯಾಟಿನಿಗೆ ಎಷ್ಟು ಜನ ಕೂತಿದ್ರು, ಇದ್ಯಾವುದೂ ‘104’ ಅನ್ನೋ ಸಂಖ್ಯೆಯಲ್ಲಿ ಇಲ್ಲ. ಆಗ ಪ್ರಿಂಟುಗಳು ಕಡಿಮೆ. ಇಡೀ ಬೆಂಗಳೂರಿಗೆ ಒಂದು ಸಿನಿಮಾ ಬೆರಳೆಣಿಕೆಯಷ್ಟು ಥಿಯೇಟರಿನಲ್ಲಿ ಮಾತ್ರ ಇರ್ತಾ ಇತ್ತು. ನೋಡಬೇಕು ಅನ್ನೋರೆಲ್ಲ ಅದೇ ಬಾಗಿಲಿಗೆ ಬರಬೇಕು. ಹಾಗಾಗಿ ಓಟ ಉದ್ದ ಆಗ್ತಿತ್ತು. ಇವತ್ತು ಅಷ್ಟೇ ಜನ ಒಂದೇ ವಾರಾಂತ್ಯದಲ್ಲಿ ನೂರಾರು ಪರದೆಗಳಲ್ಲಿ ಹಂಚಿಹೋಗ್ತಾರೆ. ಕ್ಯೂ ಉದ್ದ ಇದ್ದದ್ದಕ್ಕೆ ಜನ ಜಾಸ್ತಿ ಕಾರಣವೋ ಕೌಂಟರ್ ಒಂದೇ ಇದ್ದದ್ದು ಕಾರಣವೋ ಅಂತ ಬೇರೆ ಮಾಡಿ ನೋಡಬೇಕು. ಹೆಮ್ಮೆಗೋಸ್ಕರ ನೂರನೇ ದಿನದ ತನಕ ಖಾಲಿ ಥಿಯೇಟರಿನಲ್ಲಿ ಬಾಡಿಗೆ ಕಟ್ಟಿ ಓಡಿಸೋ ಅಭ್ಯಾಸವೂ ಗಾಂಧಿನಗರದಲ್ಲಿ ಇತ್ತು, ಅದನ್ನ ಮುಚ್ಚಿಡೋದು ಬೇಡ.

ಹಾಗಾದ್ರೆ ರೂಪಾಯಿಗೆ ತಿರುಗಿಸೋಣ ಅಂತ ಹೊರಟೆ. ಅಲ್ಲೇ ಸಿಕ್ಕಿಹಾಕಿಕೊಂಡಿದ್ದು. ಆ ಕಾಲದ ಕರ್ನಾಟಕದಲ್ಲಿ ಸಿನಿಮಾ ಅಂದ್ರೆ ಬರೀ ಕೆಂಪೇಗೌಡ ರಸ್ತೆ ಅಲ್ಲ. ಟೆಂಟ್. ಸುಗ್ಗಿ ಮುಗಿದ ಮೇಲೆ ಊರಾಚೆ ಬಯಲಲ್ಲಿ ಏಳ್ತಾ ಇದ್ದ ಟೂರಿಂಗ್ ಟಾಕೀಸು, ಮುಂದೆ ಮರಳ ಮೇಲೆ ಕೂರೋ ಗಾಂಧಿ ಕ್ಲಾಸು, ಹಿಂದೆ ಬೆಂಚು, ಅದರ ಹಿಂದೆ ಕುರ್ಚಿ. ಸಿನಿಮಾ ಬಿಡುಗಡೆಯಾಗಿ ವರ್ಷವಾದ ಮೇಲೆ, ಒಮ್ಮೊಮ್ಮೆ ಐದು ವರ್ಷವಾದ ಮೇಲೆ, ಗೀರು ಬಿದ್ದ ಪ್ರಿಂಟು ಅಲ್ಲಿಗೆ ಬರ್ತಿತ್ತು. ಸಣ್ಣ ಊರುಗಳ ಇಂಥ ಟಾಕೀಸುಗಳಿಗೆ ಪ್ರತಿ ಟಿಕೆಟ್ಟಿನ ಮೇಲೆ ಮನರಂಜನಾ ತೆರಿಗೆ ಎಣಿಸೋ ಬದಲು ಇಡಿಯಾಗಿ ಒಂದು ಮೊತ್ತ ಕಟ್ಟಿಬಿಡೋ ಅವಕಾಶ ಇತ್ತು. ಸರ್ಕಾರಕ್ಕೂ ಸುಲಭ, ಟೆಂಟಿನವನಿಗೂ ಸುಲಭ. ಆದರೆ ನನ್ನಂಥವನಿಗೆ ಅದರ ಅರ್ಥ ಇಷ್ಟೇ: ಟಿಕೆಟ್ ಎಣಿಸೋ ಕಾರಣವೇ ಇಲ್ಲದ ಕಡೆ ಯಾರೂ ಎಣಿಸಿಲ್ಲ. ‘ಬಂಗಾರದ ಮನುಷ್ಯ’ವನ್ನ ಹಳ್ಳಿಗಳಲ್ಲಿ ಎಷ್ಟು ಜನ ನೋಡಿದ್ರು ಅನ್ನೋ ಅಂಕಿ ಕಳೆದುಹೋಗಿದೆ ಅನ್ನೋದಕ್ಕಿಂತ, ಅದು ಹುಟ್ಟಲೇ ಇಲ್ಲ ಅನ್ನಬೇಕು. ಪಟ್ಟಣದ ಥಿಯೇಟರಿನಲ್ಲೂ ಎದುರುಗಡೆ ಬ್ಲ್ಯಾಕಿನಲ್ಲಿ ಮಾರಿದ ಟಿಕೆಟ್ಟಿನ ಮೇಲ್ದುಡ್ಡು ಯಾವ ಪುಸ್ತಕಕ್ಕೂ ಹೋಗಲಿಲ್ಲ.

ನಮ್ಮ ಕೆಲಸದಲ್ಲಿ ಇದಕ್ಕೊಂದು ಶಿಸ್ತು ಇದೆ. ಗೊತ್ತಿಲ್ಲದ ಜಾಗದಲ್ಲಿ ಸೊನ್ನೆ ಹಾಕಬಾರದು, ಖಾಲಿ ಬಿಡಬೇಕು. ಖಾಲಿಗೂ ಸೊನ್ನೆಗೂ ಆಕಾಶ ಭೂಮಿ ವ್ಯತ್ಯಾಸ. ಗಳಿಕೆಯ ಪಟ್ಟಿಗಳು ಮಾಡೋದು ಏನು ಅಂದ್ರೆ, ಸಂಖ್ಯೆ ಸಿಗದ ಸಿನಿಮಾವನ್ನ ಪಟ್ಟಿಯಿಂದಲೇ ಬಿಟ್ಟುಬಿಡೋದು. ಓದೋರಿಗೆ ಅದು ಸೊನ್ನೆಯಾಗೇ ಕಾಣುತ್ತೆ. ನಾನು ಕ್ವಿಜ್‌ನಲ್ಲಿ ಮಾಡಿದ್ದೂ ಅದನ್ನೇ.

‘ಓಂ’ ಇನ್ನೊಂದು ತಲೆನೋವು. ಉಪೇಂದ್ರ ನಿರ್ದೇಶನ, ಶಿವರಾಜ್‌ಕುಮಾರ್ ನಾಯಕ, 1995. ಅದು ಐನೂರಕ್ಕೂ ಹೆಚ್ಚು ಸಲ ಮರುಬಿಡುಗಡೆ ಕಂಡಿದೆ ಅನ್ನೋದು ಲಿಮ್ಕಾ ದಾಖಲೆ ಪುಸ್ತಕದವರೆಗೂ ಹೋದ ಮಾತು. ಯಾವುದಾದರೂ ಹೊಸ ಸಿನಿಮಾ ನೆಲಕಚ್ಚಿದರೆ ಥಿಯೇಟರಿನವರು ಆ ವಾರಕ್ಕೆ ‘ಓಂ’ ಹಾಕಿಬಿಡ್ತಿದ್ರು. ಮೊದಲ ಬಿಡುಗಡೆಯ ಗಳಿಕೆ ಮಾತ್ರ ಲೆಕ್ಕ ಅಂದ್ರೆ ಇದು ಒಳ್ಳೇ ಹಿಟ್. ಎಲ್ಲಾ ಸೇರಿಸಿದ್ರೆ ಏನು? ಇಪ್ಪತ್ತು ವರ್ಷ ಹನಿ ಹನಿಯಾಗಿ ಬಿದ್ದದ್ದನ್ನ ಒಂದು ಕೊಡದಲ್ಲಿ ಹಿಡಿದವರು ಯಾರೂ ಇಲ್ಲ. ‘ಪ್ರೇಮಲೋಕ’ದ (1987) ಕಥೆ ಇನ್ನೊಂಥರ: ಆ ಸಿನಿಮಾ ಮನೆಮನೆಗೆ ಹೋಗಿದ್ದು ಕ್ಯಾಸೆಟ್ಟಿನಲ್ಲಿ. ಕ್ಯಾಸೆಟ್ ಮಾರಾಟ ಬಾಕ್ಸಾಫೀಸಿಗೆ ಸೇರಲ್ಲ. ಇವತ್ತಿನ ಓಟಿಟಿ ಹಕ್ಕಿನ ದುಡ್ಡೂ ಸೇರಬಾರದು. ಆದರೆ ಪೋಸ್ಟರಿನ ಮೇಲೆ ‘ಇಷ್ಟು ಕೋಟಿ ಕ್ಲಬ್’ ಅಂತ ಬರೆಯೋವಾಗ ಅದು ಯಾವಾಗ ಒಳಗೆ ನುಸುಳುತ್ತೋ ಹೇಳೋಕಾಗಲ್ಲ.

ವಾರದಿಂದ ಕೋಟಿಗೆ ಕನ್ನಡ ಯಾವಾಗ ತಿರುಗಿತು? ನನ್ನ ಪ್ರಕಾರ ‘ಮುಂಗಾರು ಮಳೆ’. 2006ರ ಡಿಸೆಂಬರ್ 29ಕ್ಕೆ ಬಿಡುಗಡೆ. ಯೋಗರಾಜ್ ಭಟ್ ನಿರ್ದೇಶನ, ಹಾಡುಗಳು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದ ಮನೋಮೂರ್ತಿ ಅವರವು (ಅನಿವಾಸಿಗಳೇ, ಕಾಲರ್ ಸ್ವಲ್ಪ ಎತ್ತಿಕೊಳ್ಳಬಹುದು). ಆ ಸಿನಿಮಾ ಎರಡೂ ಲೆಕ್ಕದಲ್ಲಿ ಕಾಲಿಟ್ಟಿದೆ. ಒಂದು ಕಡೆ ಹಳೇ ಲೆಕ್ಕ: ಕೋರಮಂಗಲದ ಫೋರಂ ಮಾಲಿನ ಪಿವಿಆರ್‌ನಲ್ಲಿ ವರ್ಷಕ್ಕೂ ಮಿಕ್ಕಿ ಓಡಿತು, ಮಲ್ಟಿಪ್ಲೆಕ್ಸಿನಲ್ಲಿ ಅಂಥದ್ದು ಅದುವರೆಗೆ ಆಗಿರಲಿಲ್ಲ. ಇನ್ನೊಂದು ಕಡೆ ಹೊಸ ಲೆಕ್ಕ: ಎಷ್ಟು ಕೋಟಿ ಮಾಡಿತು ಅಂತ ಬಸ್ ಸ್ಟ್ಯಾಂಡಿನಲ್ಲೂ ಮಾತು ಶುರುವಾದ ಮೊದಲ ಕನ್ನಡ ಸಿನಿಮಾಗಳಲ್ಲಿ ಅದು ಒಂದು. ನಾನಾಗ ಹೈಸ್ಕೂಲಿನಲ್ಲಿದ್ದೆ, ನಮ್ಮ ವ್ಯಾನ್ ಡ್ರೈವರ್ ಕೋಟಿ ಲೆಕ್ಕ ಹೇಳೋರು. ಇವತ್ತಿಗೂ ಆ ಸಿನಿಮಾದ ಗಳಿಕೆ ಅಂತ 50 ಕೋಟಿಯೂ ಚಲಾವಣೆಯಲ್ಲಿದೆ, 75 ಕೋಟಿಯೂ ಚಲಾವಣೆಯಲ್ಲಿದೆ. ಎರಡರ ನಡುವೆ 25 ಕೋಟಿ ಅಂತರ. ಅಂದ್ರೆ ಅಳತೆಗೋಲಿನ ತಪ್ಪು ಅಳೆಯೋ ವಸ್ತುವಿನ ಅರ್ಧದಷ್ಟಿದೆ. ಇಂಥ ಎರರ್ ಬಾರ್ ಇಟ್ಕೊಂಡು ಒಂದನೇ ಸ್ಥಾನ, ಎರಡನೇ ಸ್ಥಾನ ಅಂತ ಯಾರಾದ್ರೂ ನನ್ನ ಹತ್ರ ಬಂದ್ರೆ ಕೂರಿಸಿ ಕಾಫಿ ಕೊಟ್ಟು ವಾಪಸ್ ಕಳಿಸ್ತೀನಿ.

ಅಂತರ ಬರೀ ಬಡಾಯಿಯಿಂದ ಬರಲ್ಲ. ‘ಗಳಿಕೆ’ ಅನ್ನೋ ಒಂದೇ ಪದದ ಕೆಳಗೆ ಮೂರು ಬೇರೆ ಸಂಖ್ಯೆ ಅಡಗಿವೆ. ನೀವು ಟಿಕೆಟ್ಟಿಗೆ 236 ರೂಪಾಯಿ ಕೊಟ್ರಿ ಅಂದುಕೊಳ್ಳಿ. ಅದು ಗ್ರಾಸ್. ಅದರಲ್ಲಿ ಶೇಕಡ 18 ಜಿಎಸ್‌ಟಿ ತೆಗೆದ್ರೆ ಉಳಿಯೋ 200 ನೆಟ್. ಥಿಯೇಟರಿನವರು ತಮ್ಮ ಪಾಲು ಇಟ್ಟುಕೊಂಡು, ಮೊದಲ ವಾರಕ್ಕೆ ಅರ್ಧ ಅನ್ನೋಣ, ಹಂಚಿಕೆದಾರರಿಗೆ ಕೊಡೋ 100 ಷೇರ್. ಮೂರೂ ನಿಜ, ಮೂರೂ ‘ಕಲೆಕ್ಷನ್’. ಹಿಂದಿಯವರು ಸಾಂಪ್ರದಾಯಿಕವಾಗಿ ನೆಟ್ ಹೇಳ್ತಾರೆ, ತೆಲುಗಿನವರಿಗೆ ಷೇರ್ ಹೇಳೋ ಅಭ್ಯಾಸ, ಪೋಸ್ಟರಿಗೆ ಯಾವಾಗಲೂ ಗ್ರಾಸ್ ಇಷ್ಟ. ಇದರ ಜೊತೆಗೆ ನಮ್ಮದೇ ಒಂದು ತಿರುವು: 2017ರ ಜುಲೈನಲ್ಲಿ ಜಿಎಸ್‌ಟಿ ಬರೋ ತನಕ ಕರ್ನಾಟಕದಲ್ಲಿ ಕನ್ನಡ ಸಿನಿಮಾಗಳಿಗೆ ಮನರಂಜನಾ ತೆರಿಗೆ ವಿನಾಯಿತಿ ಇತ್ತು, ಬೇರೆ ಭಾಷೆಯವಕ್ಕೆ ಇರಲಿಲ್ಲ. ಹಾಗಾಗಿ ಹಳೇ ಕನ್ನಡ ಸಿನಿಮಾದ ಗ್ರಾಸ್ ಮತ್ತು ನೆಟ್ ತವರಿನಲ್ಲಿ ಹೆಚ್ಚು ಕಡಿಮೆ ಒಂದೇ. 2016ರ ಕನ್ನಡ ಗ್ರಾಸನ್ನ 2022ರ ಕನ್ನಡ ಗ್ರಾಸಿನ ಪಕ್ಕ ಇಡೋದು ಅಂದ್ರೆ ಸಿಪ್ಪೆ ಸುಲಿದ ಬಾಳೆಹಣ್ಣನ್ನ ಸಿಪ್ಪೆ ಇರೋದರ ಜೊತೆ ತೂಗಿದ ಹಾಗೆ.

ಬೆಲೆ ಎಷ್ಟರ ಮಟ್ಟಿಗೆ ಆಟ ಆಡುತ್ತೆ ಅನ್ನೋದಕ್ಕೆ 2025ರ ಸೆಪ್ಟೆಂಬರಿಗಿಂತ ಒಳ್ಳೇ ಉದಾಹರಣೆ ನನಗೆ ಗೊತ್ತಿಲ್ಲ. ಕರ್ನಾಟಕ ಸರ್ಕಾರ ಸೆಪ್ಟೆಂಬರ್ 12ಕ್ಕೆ ಟಿಕೆಟ್ ದರಕ್ಕೆ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕಿತು. ಮಲ್ಟಿಪ್ಲೆಕ್ಸ್ ಸಂಘದವರು ಹೈಕೋರ್ಟಿಗೆ ಹೋದ್ರು. ಅರ್ಜಿ ಹಾಕಿದವರಲ್ಲಿ ‘ಕಾಂತಾರ’ದ ನಿರ್ಮಾಣ ಸಂಸ್ಥೆ ಹೊಂಬಾಳೆ ಫಿಲಂಸ್ ಕೂಡ ಇತ್ತು. ಸೆಪ್ಟೆಂಬರ್ 23ಕ್ಕೆ ಹೈಕೋರ್ಟ್ ಆದೇಶಕ್ಕೆ ಮಧ್ಯಂತರ ತಡೆ ಕೊಟ್ಟಿತು. ಅಕ್ಟೋಬರ್ 2ಕ್ಕೆ ‘ಕಾಂತಾರ ಚಾಪ್ಟರ್ 1’ ಬಂತು. ಮಿತಿ ನಿಂತಿದ್ದರೆ ಒಂದು ಸೀಟಿನಿಂದ ಜಾಸ್ತಿ ಅಂದ್ರೆ 236 ರೂಪಾಯಿ ಗ್ರಾಸ್. ಮಿತಿ ಇಲ್ಲದೆ 500 ಇಟ್ಟರೆ ತೆರಿಗೆ ಸೇರಿ 590. ಅದೇ ಸಿನಿಮಾ, ಅದೇ ಸೀಟು, ಅದೇ ಮನುಷ್ಯ, ಎರಡೂವರೆ ಪಟ್ಟು ಗಳಿಕೆ. ಕರ್ನಾಟಕದೊಳಗಿನ ಗಳಿಕೆಯಲ್ಲಿ ಆ ಸಿನಿಮಾ ‘ಕೆಜಿಎಫ್ 2’ನ್ನು ಹಿಂದೆ ಹಾಕಿತು, ಸರಿ. ಅದರಲ್ಲಿ ಜನ ಎಷ್ಟು, ಬೆಲೆ ಎಷ್ಟು, ಕೋರ್ಟು ಎಷ್ಟು? ಮಕ್ಕಳ ತಂಡದ ಉತ್ತರಕ್ಕೆ ನಾನು ಕೊಟ್ಟ ಸೊನ್ನೆಯೂ ಅಲುಗಾಡೋಕೆ ಶುರುವಾಗಿದ್ದು ಇಲ್ಲೇ, ಯಾಕಂದ್ರೆ ನನ್ನ ಪ್ರಶ್ನೆಯಲ್ಲಿ ‘ಎಲ್ಲಿ’ ಅಂತ ಇರಲೇ ಇಲ್ಲ.

‘ಎಲ್ಲಿ’ ಅನ್ನೋದು ಕೂಡ ಅಷ್ಟು ಸರಳ ಅಲ್ಲ. 1956ರ ನವೆಂಬರ್ 1ಕ್ಕೆ ಕನ್ನಡ ನಾಡು ಒಂದಾಯಿತು, ಅದನ್ನೇ ತಾನೆ ನಾವು ಆ ಜಿಮ್‌ನಲ್ಲಿ ಬಾವುಟ ಹಾರಿಸಿ ಆಚರಿಸಿದ್ದು. ಆದರೆ ಸಿನಿಮಾ ವ್ಯಾಪಾರದ ನಕ್ಷೆ ಏಕೀಕರಣಕ್ಕೆ ಒಪ್ಪಲೇ ಇಲ್ಲ. ಹಿಂದಿ ಸಿನಿಮಾ ಹಂಚಿಕೆಯಲ್ಲಿ ಇಂದಿಗೂ ‘ಮೈಸೂರು’ ಅನ್ನೋ ಒಂದು ಪ್ರಾಂತ್ಯ ಇದೆ. ಬೆಳಗಾವಿ, ಧಾರವಾಡದ ಕಡೆ ‘ಬಾಂಬೆ’ ಸರ್ಕ್ಯೂಟಿಗೆ ಸೇರುತ್ತೆ. ಬೀದರ್, ಕಲಬುರಗಿ, ರಾಯಚೂರು ‘ನಿಜಾಂ’ಗೆ. ನಿಜಾಮರು ಹೋಗಿ ಎಪ್ಪತ್ತೈದು ವರ್ಷ ದಾಟಿತು, ಅವರ ಗಡಿ ಮಾತ್ರ ಟಿಕೆಟ್ ಲೆಕ್ಕದಲ್ಲಿ ಜೀವಂತ. ಒಂದು ಹಿಂದಿ ಸಿನಿಮಾ ‘ಮೈಸೂರಿನಲ್ಲಿ’ ಇಷ್ಟು ಮಾಡಿತು ಅಂದ್ರೆ ಹುಬ್ಬಳ್ಳಿಯವನು ಆ ಲೆಕ್ಕದಲ್ಲಿ ಇಲ್ಲ. ಕನ್ನಡ ಸಿನಿಮಾದ ‘ಕರ್ನಾಟಕ’ ಅಂಕಿಯನ್ನ ಹಿಂದಿ ಸಿನಿಮಾದ ‘ಮೈಸೂರು’ ಅಂಕಿಯ ಜೊತೆ ಹೋಲಿಸಿ ಚಪ್ಪಾಳೆ ತಟ್ಟೋರನ್ನ ನಾನು ಬಹಳ ನೋಡಿದ್ದೀನಿ. ನಾನೂ ತಟ್ಟಿದ್ದೀನಿ.

ಇನ್ನು ಭಾಷೆ. ‘ಕೆಜಿಎಫ್ ಚಾಪ್ಟರ್ 2’ (2022ರ ಏಪ್ರಿಲ್ 14) ಲೋಕದಾದ್ಯಂತ ಸುಮಾರು 1,200 ಕೋಟಿ ಗ್ರಾಸ್ ಮಾಡಿತು ಅಂತ ವರದಿ. ಅದರಲ್ಲಿ ಭಾರತದ ಹಿಂದಿ ಆವೃತ್ತಿಯೊಂದರ ನೆಟ್ಟೇ 434 ಕೋಟಿ. ಕರ್ನಾಟಕದ ಒಳಗಿನ ಗಳಿಕೆ 180 ಕೋಟಿಯ ಆಸುಪಾಸು. ಅಂದ್ರೆ ‘ಅತಿ ಹೆಚ್ಚು ಗಳಿಸಿದ ಕನ್ನಡ ಸಿನಿಮಾ’ದ ದುಡ್ಡಿನ ಬಹುಪಾಲು ಕೊಟ್ಟವರು ಅದನ್ನ ಕನ್ನಡದಲ್ಲಿ ಕೇಳೇ ಇಲ್ಲ. ಇದರಲ್ಲಿ ಒಂದು ವ್ಯಂಗ್ಯವೂ ಇದೆ. ಅರವತ್ತರ ದಶಕದಿಂದ ಕರ್ನಾಟಕದಲ್ಲಿ ಬೇರೆ ಭಾಷೆಯ ಸಿನಿಮಾ ಕನ್ನಡಕ್ಕೆ ಡಬ್ ಆಗಿ ಬರೋ ಹಾಗಿರಲಿಲ್ಲ. ಕಾನೂನು ಅಲ್ಲ, ಉದ್ಯಮದ ಕಟ್ಟುಪಾಡು, ಅ.ನ. ಕೃಷ್ಣರಾಯರು, ಮ. ರಾಮಮೂರ್ತಿಯವರ ಚಳವಳಿಯ ಕಾಲದಿಂದ ಬಂದದ್ದು. ಆ ಕಾಲಕ್ಕೆ ಅದಕ್ಕೆ ಕಾರಣ ಇತ್ತು, ಬೆಂಗಳೂರಿನ ಥಿಯೇಟರುಗಳಲ್ಲೇ ಕನ್ನಡಕ್ಕೆ ಜಾಗ ಇರಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ಕಟ್ಟುಪಾಡು ಸರಿಯಲ್ಲ ಅಂತ ಆದೇಶ ಕೊಟ್ಟಿತು. ಮೂರೇ ವರ್ಷದಲ್ಲಿ ‘ಕೆಜಿಎಫ್’ ಮೊದಲ ಭಾಗ ನಾಲ್ಕು ಭಾಷೆಗೆ ಡಬ್ ಆಗಿ ಹೊರಟಿತು. ಡಬ್ಬಿಂಗ್ ವಿರೋಧಿಸಿದ ಉದ್ಯಮಕ್ಕೆ ಅತಿ ದೊಡ್ಡ ಸಂಖ್ಯೆ ತಂದುಕೊಟ್ಟಿದ್ದು ಡಬ್ಬಿಂಗೇ. ನನಗೆ ಇದರಲ್ಲಿ ಬೇಸರ ಇಲ್ಲ. ಆದರೆ ಕನ್ನಡ ಸಿನಿಮಾ ಅಂದ್ರೆ ಕನ್ನಡದಲ್ಲಿ ತೆಗೆದದ್ದೋ, ಕನ್ನಡದಲ್ಲಿ ನೋಡಿದ್ದೋ ಅಂತ ಪಟ್ಟಿ ಮಾಡೋರು ಮೊದಲೇ ಹೇಳಬೇಕು.

ಈಗ ನಮ್ಮೂರಿಗೆ ಬರೋಣ. ಇಲ್ಲಿ ಟೊರಾಂಟೊ ಸುತ್ತಮುತ್ತ ನೀವು ‘ಕಾಂತಾರ’ಕ್ಕೆ 20 ಕೆನಡಿಯನ್ ಡಾಲರ್ ಕೊಟ್ಟು ಟಿಕೆಟ್ ತಗೊಂಡ್ರಿ. ಆ ದುಡ್ಡಿನ ಪ್ರಯಾಣ ಮಜವಾಗಿದೆ. ಹಾಲಿವುಡ್ಡಿನ ಲೆಕ್ಕದಲ್ಲಿ ಅಮೆರಿಕ ಮತ್ತು ಕೆನಡಾ ಸೇರಿ ಒಂದೇ ‘ಡೊಮೆಸ್ಟಿಕ್’ ಮಾರುಕಟ್ಟೆ. ಅಂದ್ರೆ ಮಿಸ್ಸಿಸಾಗ ಅವರಿಗೆ ಸ್ವದೇಶ. ನಿಮ್ಮ 20 ಡಾಲರ್ ಅಮೆರಿಕದ ಡಾಲರಾಗಿ ಹದಿನಾಲ್ಕು ಚಿಲ್ಲರೆ ಆಗುತ್ತೆ, ‘ನಾರ್ತ್ ಅಮೆರಿಕ’ ಸಾಲಿಗೆ ಸೇರುತ್ತೆ. ಬೆಂಗಳೂರಿಗೆ ಬಂದಾಗ ಅದು ‘ಓವರ್ಸೀಸ್’, ರೂಪಾಯಿಯಲ್ಲಿ ಸುಮಾರು 1,250. ಹೀಗೆ ಅದೇ ಟಿಕೆಟ್ ಒಬ್ಬರಿಗೆ ಸ್ವದೇಶ, ಇನ್ನೊಬ್ಬರಿಗೆ ಪರದೇಶ, ಕೆನಡಾ ಅನ್ನೋ ಹೆಸರು ಮಾತ್ರ ಎಲ್ಲೂ ಇಲ್ಲ. ನಮ್ಮ ಒಂದು ಟಿಕೆಟ್ ಬೆಂಗಳೂರಿನ 236 ರೂಪಾಯಿಯ ಐದು ಟಿಕೆಟ್ಟಿಗೆ ಸಮ. ತಿಪಟೂರಿನಲ್ಲಿ ಒಬ್ಬ ಐದು ಸಲ ನೋಡೋದೂ, ನಾನಿಲ್ಲಿ ಪಾಪ್‌ಕಾರ್ನ್ ತಿಂತಾ ಅರ್ಧ ನಿದ್ದೆಯಲ್ಲಿ ಒಂದು ಸಲ ನೋಡೋದೂ ಪಟ್ಟಿಯಲ್ಲಿ ಒಂದೇ. ಇನ್ನೂ ಒಂದು: 2006ರಲ್ಲಿ ಒಂದು ಅಮೆರಿಕನ್ ಡಾಲರಿಗೆ ಸುಮಾರು 45 ರೂಪಾಯಿ, 2025ರ ಅಕ್ಟೋಬರಿನಲ್ಲಿ 88ರ ಹತ್ತಿರ. ಹೊರದೇಶದಲ್ಲಿ ಒಬ್ಬರೂ ಹೆಚ್ಚು ನೋಡದಿದ್ದರೂ ರೂಪಾಯಿ ಬಿದ್ದರೆ ‘ಓವರ್ಸೀಸ್ ಗಳಿಕೆ’ ಏರುತ್ತೆ. ರಿಸರ್ವ್ ಬ್ಯಾಂಕಿನವರಿಗೂ ಒಂದು ಶತದಿನೋತ್ಸವದ ಸ್ಮರಣಿಕೆ ಕೊಡಬೇಕು.

ನಾನು 2012ರಲ್ಲಿ ಮಾಸ್ಟರ್ಸ್ ಮಾಡೋಕೆ ಈ ದೇಶಕ್ಕೆ ಬಂದಾಗ ಇಲ್ಲಿ ಕನ್ನಡ ಸಿನಿಮಾ ಅಂದ್ರೆ ಯಾರೋ ಉತ್ಸಾಹಿಗಳು ಒಂದು ಹಾಲ್ ಬಾಡಿಗೆಗೆ ಹಿಡಿದು ಭಾನುವಾರ ಮಧ್ಯಾಹ್ನ ಹಾಕ್ತಿದ್ದ ಒಂದೇ ಒಂದು ಷೋ. ಇಮೇಲ್‌ನಲ್ಲಿ ಹೆಸರು ಕೊಡಬೇಕು, ಬಾಗಿಲಲ್ಲಿ ನಗದು ಕೊಡಬೇಕು, ಮಧ್ಯಂತರದಲ್ಲಿ ಯಾರೋ ಮನೆಯಿಂದ ತಂದ ಚಕ್ಕುಲಿ. ಆ ಷೋಗಳು ಇಲ್ಲಿ ಥಿಯೇಟರುಗಳಿಂದ ಅಂಕಿ ಸಂಗ್ರಹಿಸೋ ಸಂಸ್ಥೆಗೆ ಹೋಗಿರೋ ಸಾಧ್ಯತೆ ಇಲ್ಲ. ನೋಡಿ, ಟೆಂಟ್ ಸಿನಿಮಾ ನಮ್ಮಲ್ಲೂ ಇತ್ತು, ಹಿಮದ ನಡುವೆ.

ಎಣಿಕೆಗೆ ಸಿಗದ ಇನ್ನೊಂದು ಬಗೆ ಇದೆ, ಅದರ ಬಗ್ಗೆ ಬರೆಯೋಕೆ ಸ್ವಲ್ಪ ಕಷ್ಟ. 2025ರ ಸೆಪ್ಟೆಂಬರ್ 25ರ ಬೆಳಗಿನ ಜಾವ ಓಕ್‌ವಿಲ್‌ನ ಫಿಲ್ಮ್.ಸಿಎ ಸಿನಿಮಾದ ಬಾಗಿಲಿಗೆ ಇಬ್ಬರು ಬೆಂಕಿ ಹಚ್ಚಿದರು. ಒಂದು ವಾರ ಬಿಟ್ಟು, ಅಕ್ಟೋಬರ್ 2ರ ನಡುರಾತ್ರಿ ಕಳೆದ ಮೇಲೆ, ಅದೇ ಬಾಗಿಲಿಗೆ ಗುಂಡು ಹಾರಿಸಿದರು. ‘ಕಾಂತಾರ ಚಾಪ್ಟರ್ 1’ ಬಿಡುಗಡೆಯಾಗೋ ದಿನ. ಆ ಥಿಯೇಟರಿನವರು ‘ಕಾಂತಾರ’ವನ್ನೂ ತೆಲುಗಿನ ‘ಓಜಿ’ಯನ್ನೂ ನಿಲ್ಲಿಸಿದರು. ರಿಚ್ಮಂಡ್ ಹಿಲ್‌ನ ಯಾರ್ಕ್ ಸಿನಿಮಾಸ್ ಕೂಡ ಭಾರತೀಯ ಸಿನಿಮಾಗಳನ್ನ ತೆಗೆಯಿತು. ಇದು ಮೊದಲನೇ ಸಲ ಏನಲ್ಲ. 2024ರ ಜನವರಿಯಲ್ಲಿ ಮಲಯಾಳಂನ ‘ಮಲೈಕೋಟೈ ವಾಲಿಬನ್’ ಬಿಡುಗಡೆ ಹೊತ್ತಿಗೆ ಟೊರಾಂಟೊ ಸುತ್ತಲಿನ ನಾಲ್ಕು ಥಿಯೇಟರುಗಳ ಮೇಲೆ ಗುಂಡು ಹಾರಿ, ಸಿನಿಪ್ಲೆಕ್ಸ್ ಆ ಸಿನಿಮಾವನ್ನೇ ರದ್ದು ಮಾಡಿತ್ತು. ಅದಕ್ಕೂ ಮುಂಚೆ ದಕ್ಷಿಣದ ಸಿನಿಮಾ ಓಡೋವಾಗ ಪರದೆಗಳನ್ನ ಚಾಕುವಿನಿಂದ ಸೀಳಿದ ಪ್ರಕರಣಗಳು. ಇಲ್ಲಿನ ಹಂಚಿಕೆ ಯಾರ ಕೈಯಲ್ಲಿರಬೇಕು ಅನ್ನೋ ಪೈಪೋಟಿ ಇದರ ಹಿಂದಿದೆ ಅನ್ನೋ ಮಾತು ವರ್ಷಗಳಿಂದ ಪತ್ರಿಕೆಗಳಲ್ಲಿ ಬರ್ತಾ ಇದೆ.

ಆ ವಾರ ನಾವು ಎಂಟು ಜನ ಓಕ್‌ವಿಲ್‌ಗೆ ಹೋಗೋದು ಅಂತ ಮಾತಾಡಿಕೊಂಡಿದ್ವಿ. ಕೊನೆಗೆ ಇಬ್ಬರು ಬೇರೆ ಕಡೆ ಹೋದ್ವಿ, ಉಳಿದವರು ಮಕ್ಕಳನ್ನ ಕರ್ಕೊಂಡು ಬರೋದು ಬೇಡ ಅಂದ್ರು. ಆ ಆರು ಟಿಕೆಟ್ ಯಾವ ಕಾಲಮ್ಮಿನಲ್ಲೂ ಇಲ್ಲ. ಗಳಿಕೆಯ ಪಟ್ಟಿ ನೋಡೋರು ‘ಕೆನಡಾದಲ್ಲಿ ಈ ಸಿನಿಮಾಗೆ ಇಷ್ಟೇ ಬೇಡಿಕೆ’ ಅಂತ ಓದಿಕೊಳ್ತಾರೆ. ಬೇಡಿಕೆ ಬೇರೆ, ಭಯ ಇಲ್ಲದೆ ಕೂರೋಕೆ ಸಿಕ್ಕ ಸೀಟು ಬೇರೆ.

ಅಂದ ಹಾಗೆ ಈ ಜಗಳ ನಮಗೊಬ್ಬರಿಗೇ ಅಂತ ತಿಳ್ಕೋಬೇಡಿ. 2006ರಲ್ಲಿ ‘ಬಾನ್ ಕಾಪ್, ಬ್ಯಾಡ್ ಕಾಪ್’ ಅನ್ನೋ ಸಿನಿಮಾ ಕೆನಡಾದೊಳಗೆ 1.2 ಕೋಟಿ ಡಾಲರ್ ದಾಟಿ, ಕೆನಡಾದ ಅತಿ ಹೆಚ್ಚು ಗಳಿಕೆಯ ಸ್ವದೇಶಿ ಸಿನಿಮಾ ಅಂತ ಘೋಷಣೆ ಆಯ್ತು. ಹಿಂದಿನ ದಾಖಲೆ ಎಂಬತ್ತರ ದಶಕದ ಶುರುವಿನ ‘ಪೋರ್ಕೀಸ್’ದು, 1.1 ಕೋಟಿ ಚಿಲ್ಲರೆ. ತಕ್ಷಣ ತಕರಾರು ಬಂತು: ಇಪ್ಪತ್ತೈದು ವರ್ಷದ ಬೆಲೆ ಏರಿಕೆ ಲೆಕ್ಕ ಹಾಕಿದ್ದೀರಾ? ‘ಪೋರ್ಕೀಸ್’ ತೆಗೆದದ್ದು ಫ್ಲಾರಿಡಾದಲ್ಲಿ, ಅದು ಕೆನಡಾದ ಸಿನಿಮಾ ಹೇಗಾಯ್ತು? ಹೊಸದು ಅರ್ಧ ಫ್ರೆಂಚು ಅರ್ಧ ಇಂಗ್ಲಿಷು, ಗಳಿಕೆಯ ಬಹುಪಾಲು ಕ್ವೆಬೆಕ್‌ನದು, ಹಾಗಾದ್ರೆ ಗೆದ್ದಿದ್ದು ಕೆನಡಾವೋ ಕ್ವೆಬೆಕ್ಕೋ? ಓದ್ತಾ ಓದ್ತಾ ಗಾಂಧಿನಗರದಲ್ಲೇ ಕೂತ ಹಾಗಾಯ್ತು. ಫ್ರಾನ್ಸಿನವರು ಈ ವಿಷಯದಲ್ಲಿ ಜಾಣರು. ಅಲ್ಲಿನ ಸರ್ಕಾರಿ ಸಿನಿಮಾ ಕೇಂದ್ರ ಸಿನಿಮಾಗಳನ್ನ ಅಳೆಯೋದೇ ಪ್ರವೇಶದ ಸಂಖ್ಯೆಯಲ್ಲಿ, ಎಷ್ಟು ತಲೆ ಒಳಗೆ ಹೋಯ್ತು ಅಂತ. ಸೋವಿಯತ್ ಒಕ್ಕೂಟದಲ್ಲೂ ಹಾಗೇ. ರಾಜ್ ಕಪೂರರ ‘ಆವಾರಾ’ವನ್ನ ಅಲ್ಲಿ ಆರು ಕೋಟಿಗೂ ಹೆಚ್ಚು ಜನ ನೋಡಿದ್ದು ಗೊತ್ತಿರೋದು ಅವರು ತಲೆ ಎಣಿಸಿದ್ದರಿಂದಲೇ.

ಕನ್ನಡದಲ್ಲೂ ಒಂದು ಸಲ ತಲೆ ಎಣಿಕೆಯ ಮಾತು ಬಂದಿತ್ತು. 2022ರಲ್ಲಿ ಮೊದಲ ‘ಕಾಂತಾರ’ ಓಡ್ತಾ ಇದ್ದಾಗ ಹೊಂಬಾಳೆಯವರು ಕರ್ನಾಟಕದಲ್ಲಿ ತಮ್ಮ ಸಿನಿಮಾಗಳಲ್ಲೆಲ್ಲ ಅತಿ ಹೆಚ್ಚು ಜನ ನೋಡಿದ್ದು ಇದನ್ನೇ ಅಂದ್ರು. ಆಮೇಲೆ ರಾಜ್ಯದೊಳಗೆ ಒಂದು ಕೋಟಿ ಟಿಕೆಟ್ ಅಂತ ಪ್ರಕಟಿಸಿದರು. ಅಂದ್ರೆ ಲೋಕದ ಪಟ್ಟಿಯಲ್ಲಿ ‘ಕೆಜಿಎಫ್ 2’ರ ಮೂರನೇ ಒಂದು ಭಾಗದಷ್ಟು ಗಳಿಸಿದ ಸಿನಿಮಾ, ತವರಿನ ತಲೆ ಎಣಿಕೆಯಲ್ಲಿ ಅದಕ್ಕಿಂತ ಮುಂದೆ. ಇದೂ ನಿರ್ಮಾಪಕರೇ ಹೇಳಿದ ಸಂಖ್ಯೆ, ಆಡಿಟ್ ಆದದ್ದಲ್ಲ. ಆದರೂ ಇಷ್ಟೆಲ್ಲಾ ಅಂಕಿಗಳಲ್ಲಿ ನನಗೆ ಕಾಲ ದಾಟಿ ಹೋಲಿಸೋಕೆ ಸಿಕ್ಕಿದ್ದು ಇದೊಂದೇ. ಟಿಕೆಟ್ ಬೆಲೆ ಏರಿದ್ರೂ ತಲೆ ಒಂದೇ, ಡಾಲರ್ ಏರಿದ್ರೂ ತಲೆ ಒಂದೇ.

ಆದರೆ ತಲೆ ಎಣಿಸಿದ್ರೂ ಭಾಗಿಸೋಕೆ ಒಂದು ಸಂಖ್ಯೆ ಬೇಕು. 1971ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ 2.93 ಕೋಟಿ. ಇನ್ನೂ ಕರ್ನಾಟಕ ಅನ್ನೋ ಹೆಸರೂ ಇರಲಿಲ್ಲ, ಅದು ಬಂದದ್ದು 1973ರಲ್ಲಿ. 2011ಕ್ಕೆ 6.11 ಕೋಟಿ. ಒಂದು ಕೋಟಿ ಟಿಕೆಟ್ ಅಂದ್ರೆ ಇವತ್ತು ಆರೇಳು ಜನಕ್ಕೆ ಒಂದು ಟಿಕೆಟ್. 1972ರಲ್ಲಿ ಇದೇ ಪ್ರಮಾಣ ಮುಟ್ಟೋಕೆ ‘ಬಂಗಾರದ ಮನುಷ್ಯ’ಕ್ಕೆ ಬೇಕಾಗಿದ್ದು ನಲವತ್ತೈದು ಲಕ್ಷದ ಆಸುಪಾಸು. ಅಷ್ಟು ಟಿಕೆಟ್ ಹೋಗಿತ್ತಾ? ಎರಡು ವರ್ಷದ ಓಟ, ಟಿವಿ ಇಲ್ಲದ ಕಾಲ, ರಾಜ್ಯದ ಉದ್ದಗಲಕ್ಕೂ ಟೆಂಟುಗಳು. ಹೋಗಿರಬಹುದು ಅಂತ ನನ್ನ ಅಂದಾಜು, ಇನ್ನೂ ಜಾಸ್ತಿಯೂ ಇರಬಹುದು. ಸಾಬೀತು ಮಾಡೋಕೆ ನನ್ನ ಹತ್ರ ಏನೂ ಇಲ್ಲ. ಹಾಗೇ, ತಪ್ಪು ಅನ್ನೋಕೂ ಏನೂ ಇಲ್ಲ.

ಸ್ಪ್ರೆಡ್‌ಶೀಟನ್ನ ಹೀಗೆ ಬದಲಾಯಿಸಿದ್ದೀನಿ. ‘ರ‍್ಯಾಂಕ್’ ಕಾಲಮ್ ಅಳಿಸಿಹಾಕಿದೆ. ಗ್ರಾಸ್ ಇರೋ ಕಡೆ ಯಾರು ಹೇಳಿದ್ದು ಅಂತ ಪಕ್ಕದಲ್ಲಿ ಬರೆದೆ. ಟಿಕೆಟ್ ಸಂಖ್ಯೆಗೆ ಒಂದು ಕಾಲಮ್, ಓಡಿದ ವಾರಕ್ಕೆ ಒಂದು, ಮರುಬಿಡುಗಡೆಗೆ ಒಂದು. ಹೆಚ್ಚಿನ ಕೋಣೆಗಳು ಖಾಲಿ ಇವೆ, ಹಾಗೇ ಬಿಟ್ಟಿದ್ದೀನಿ. ಕ್ವಿಜ್‌ನ ಎರಡು ತಂಡಕ್ಕೂ ಅಂಕ ವಾಪಸ್ ಕೊಡ್ತೀನಿ ಅಂತ ಸಂಘದವರಿಗೆ ಬರೆದೆ. ಬಹುಮಾನ ಆಗಲೇ ಹಂಚಿಯಾಗಿದೆ ಮಾರಾಯ, ಸುಮ್ಮನಿರು ಅಂತ ಉತ್ತರ ಬಂತು.

ಆ ಹಿರಿಯರಿಗೂ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಗ್ರಾಸ್, ನೆಟ್, ಷೇರ್ ಎಲ್ಲಾ ತಾಳ್ಮೆಯಿಂದ ಕೇಳಿಸಿಕೊಂಡ್ರು. ಟೆಂಟಿನ ಟಿಕೆಟ್ ಯಾರೂ ಎಣಿಸಿಲ್ಲ ಅಂದಾಗ ಮಾತ್ರ ತಡೆದರು. ‘ಯಾರೂ ಎಣಿಸಿಲ್ಲ ಅಂದ್ರೆ? ನಾನು ಬೆಂಗಳೂರಿಗೆ ಹೋಗಿ ಸ್ಟೇಟ್ಸ್‌ನಲ್ಲಿ ಒಂದು ಸಲ ನೋಡಿದೆ, ಅಣ್ಣ ಕರ್ಕೊಂಡು ಹೋಗಿದ್ದ. ಆಮೇಲೆ ನಮ್ಮೂರ ಟೆಂಟಿಗೆ ಬಂದಾಗ ಮೂರು ಸಲ. ಒಟ್ಟು ನಾಲ್ಕು. ಬರ್ಕೋ.’

ಬರ್ಕೊಂಡೆ. ‘ಬಂಗಾರದ ಮನುಷ್ಯ’ದ ಸಾಲಿನಲ್ಲಿ ಟಿಕೆಟ್ ಸಂಖ್ಯೆಯ ಕೋಣೆಯಲ್ಲಿ ಸದ್ಯಕ್ಕೆ 4 ಅಂತ ಇದೆ. ನಿಮ್ಮ ಮನೆಯಲ್ಲೂ ಯಾರಾದ್ರೂ ಇದ್ರೆ ಕೇಳಿ ಹೇಳಿ.